ಹತ್ತಿ ಹೋಯಿತು, ಕಟ್ಟಿಗೆ ಉಳಿಯಿತು

ಧಾರವಾಡ ಸೀಮೆಯ ಹತ್ತಿ ಎಲ್ಲಿಗೆ ಹೋಯಿತೆಂಬುದನ್ನು ಇತಿಹಾಸದ ಪುಸ್ತಕಗಳು ಚೆನ್ನಾಗಿಯೇ ಬರೆದಿಟ್ಟಿವೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ದಕ್ಷಿಣ ರಾಜ್ಯಗಳಿಂದ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿ ನಿಂತಿತು. ಲ್ಯಾಂಕಾಶೈರಿನ ಗಿರಣಿಗಳು ಹತ್ತಿಗಾಗಿ ಬಾಯಿಬಿಡತೊಡಗಿದಾಗ ಅವರಿಗೆ ಕಂಡದ್ದು ಹಿಂದೂಸ್ತಾನದ ಎರೆಭೂಮಿ. ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಬಂಡಿಗಳ ಮೇಲೆ ಬಂಡಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋದವು. ಆ ಬಂದರಿನಿಂದಾಗಿ ನಮ್ಮ ಹತ್ತಿಗೆ ಪರದೇಶದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಹತ್ತಿ ಬೆಳೆಯುವ ಹೊಲಗಳು ವರ್ಷ ವರ್ಷಕ್ಕೆ ಹೆಚ್ಚಿದವು. ಈ ಪಾಠವನ್ನು ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಪರೀಕ್ಷೆಯಲ್ಲಿ ಅವರು ಅದನ್ನು ಬರೆದು ಅಂಕವನ್ನೂ ಪಡೆಯುತ್ತಾರೆ.

ಆದರೆ ಹತ್ತಿ ಬಿಡಿಸಿಕೊಂಡ ಮೇಲೆ ಹೊಲದಲ್ಲಿ ನಿಂತ ಗಿಡ ಎಲ್ಲಿಗೆ ಹೋಯಿತು? ಅದನ್ನು ಯಾವ ಪುಸ್ತಕವೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯ ಬರೆದವರಿಗೆ ಕಂಡಿರಲಿಕ್ಕಿಲ್ಲ. ನಮ್ಮ ಸೀಮೆಯ ಯಾವ ಮುದುಕಿಯನ್ನು ಕೇಳಿದರೂ ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತಾಳೆ: ಅರಳೆ ಇಂಗ್ಲೆಂಡಿಗೆ ಹೋಯಿತು, ಬೀಜ ಎತ್ತಿನ ಹೊಟ್ಟೆಗೆ ಹೋಯಿತು, ಗಿಡ ಒಲೆಗೆ ಹೋಯಿತು. ಮೊದಲನೆಯದರ ಲೆಕ್ಕವನ್ನು ಸಾಹೇಬರು ಇಟ್ಟರು. ಎರಡನೆಯದರ ಲೆಕ್ಕವನ್ನು ಒಕ್ಕಲಿಗ ಇಟ್ಟ. ಮೂರನೆಯದರ ಲೆಕ್ಕ ಹೆಂಗಸಿನ ತಲೆಯೊಳಗೇ ಉಳಿಯಿತು.

ಮಲೆನಾಡಿನವರು, ಹಳೇ ಮೈಸೂರಿನವರು ‘ಸೌದೆ’ ಎನ್ನುವುದನ್ನು ನಾವು ‘ಕಟ್ಟಿಗೆ’ ಎನ್ನುತ್ತೇವೆ. ಸೌದೆ ಎಂದರೆ ಮರ ಕಣ್ಣಿಗೆ ಬರುತ್ತದೆ. ನಮ್ಮ ಕಟ್ಟಿಗೆಗೆ ಮರವೇ ಆಗಬೇಕೆಂದಿಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಎಂದು ಬೆಳೆಯ ಹೆಸರು ಹಚ್ಚಿಯೇ ಕರೆಯುತ್ತೇವೆ. ಧಾರವಾಡದಿಂದ ಮೂಡಲಿಗೆ ನವಲಗುಂದ, ನರಗುಂದ, ಗದಗ, ರೋಣ ಎಂದು ಹೋದರೆ ಕಣ್ಣು ಹರಿಯುವವರೆಗೂ ಕರಿಮಣ್ಣು. ಹೊಲದ ಬದುವಿಗೆ ಒಂದು ಬನ್ನಿ, ಒಂದು ಜಾಲಿ, ಊರ ಮುಂದೆ ಒಂದು ಬೇವು. ಇಷ್ಟೇ ಮರ. ಇಷ್ಟರಲ್ಲಿ ಒಂದು ಊರು ಎಷ್ಟು ದಿನ ಅಡಿಗೆ ಮಾಡೀತು? ಹೀಗಾಗಿ ಇಲ್ಲಿ ಹೊಲವೇ ಅಡವಿ. ಒಂದೇ ಹೊಲ ಮನುಷ್ಯನಿಗೆ ಕಾಳು, ದನಕ್ಕೆ ಮೇವು, ಒಲೆಗೆ ಉರಿ ಮೂರನ್ನೂ ಕೊಡಬೇಕಾಗಿತ್ತು.

ಕೊಡುವ ಕಾಲವೂ ಗೊತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ತೊಗರಿ ಬಡಿದು ಮುಗಿದಿರುತ್ತಿತ್ತು. ಅದರ ಕಟ್ಟಿಗೆ ಬರುತ್ತಿತ್ತು. ಶಿವರಾತ್ರಿಯ ಆಸುಪಾಸಿಗೆ ಹಿಂಗಾರಿ ಜೋಳ, ಕುಸುಬಿ. ಯುಗಾದಿಯ ಹೊತ್ತಿಗೆ ಹತ್ತಿಯ ಕೊನೆಯ ಬಿಡಿಕೆ ಮುಗಿದು ಹತ್ತಿಕಟ್ಟಿಗೆ. ಮಿರಗದ ಮಳೆ ಬೀಳುವುದರೊಳಗೆ ಇವೆಲ್ಲ ಹಿತ್ತಲಿನಲ್ಲಿ, ಮಾಳಿಗೆಯ ಮೇಲೆ ಒಟ್ಟಿರಬೇಕು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹಿಡಿದು ಒಲೆ ಮುಂದೆ ಕೂತ ಸೊಸೆಯ ಕಣ್ಣೀರಿಗೆ ಹೊಗೆ ಎಷ್ಟು ಕಾರಣ, ಅತ್ತೆಯ ಮಾತು ಎಷ್ಟು ಕಾರಣ ಎಂದು ಬಿಡಿಸಿ ಹೇಳುವುದು ಕಷ್ಟ.

ಯಾವ ಉರಿ ಯಾವುದಕ್ಕೆ ಎಂಬುದು ಒಂದು ಶಾಸ್ತ್ರವೇ ಆಗಿತ್ತು. ನಮ್ಮ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಈ ಶಾಸ್ತ್ರ ಬರುತ್ತಿತ್ತು. ತೊಗರಿಕಟ್ಟಿಗೆ ಬೇಗ ಹೊತ್ತಿಕೊಂಡು ಭುಗಿಲೆಂದು ಉರಿಯುತ್ತದೆ. ಹಂಚು ಕಾಯಿಸಲು, ರೊಟ್ಟಿ ಬಡಿಯಲು ಅದು ಬೇಕು. ಹತ್ತಿಕಟ್ಟಿಗೆ ಸ್ವಲ್ಪ ಗಟ್ಟಿ, ಕೆಂಡ ಬೀಳುತ್ತದೆ. ಬೇಳೆ, ಕಾಳು ಬೇಯಲು ಅದು. ಜೋಳದ ಕೂಳೆ ಒಲೆ ಹೊತ್ತಿಸಲಿಕ್ಕೆ. ಕುಸುಬಿ ಮುಳ್ಳಿನ ಗಿಡ, ಕೈಗೆ ಚುಚ್ಚುತ್ತದೆ, ಆದರೆ ಎಣ್ಣೆ ಕಾಳಿನ ಗಿಡವಲ್ಲವೇ ಎಂದು ಅದನ್ನೂ ಬಿಡುತ್ತಿರಲಿಲ್ಲ. ಹಾಲು ಕಾಯಿಸಲು ಮಾತ್ರ ಕುಳ್ಳಿನ ಮಂದ ಉರಿ. ಜೋಳದ ಕಣಿಕೆಯನ್ನು ಒಲೆಗೆ ಹಾಕುವುದು ಪಾಪಕ್ಕೆ ಸಮ, ಅದು ದನದ ಪಾಲು. ಮನೆಯಲ್ಲಿ ಯಾರ ಪಾಲು ಯಾವುದು ಎಂಬ ಈ ಹಂಚಿಕೆಯನ್ನು ಮೀರುವಂತಿರಲಿಲ್ಲ.

ಹೊಲ ಇದ್ದವರ ಮಾತಾಯಿತು. ಹೊಲ ಇಲ್ಲದವರು? ಅವರಿಗೂ ಒಂದು ದಾರಿ ಇತ್ತು. ಹತ್ತಿ ಗಿಡ ಕಿತ್ತರೆ ಮುಂದಿನ ಹಂಗಾಮಿಗೆ ಹೊಲ ಹಸನಾಗುತ್ತದೆ. ಕೀಳುವುದು ಸುಲಭದ ಕೆಲಸವಲ್ಲ. ಎರೆಮಣ್ಣು ಒಣಗಿ ಕಲ್ಲಾದಾಗ ಬೇರು ಅಷ್ಟು ಬೇಗ ಬಿಡುವುದಿಲ್ಲ. ಎಷ್ಟೋ ಕಡೆ ಈ ಕೆಲಸಕ್ಕೆ ದುಡ್ಡಿನ ಕೂಲಿ ಇರಲಿಲ್ಲ. ಕಿತ್ತವರಿಗೇ ಕಟ್ಟಿಗೆ. ಹೊಲದವನಿಗೆ ಹೊಲ ಹಸನಾಯಿತು, ಕೂಲಿಯವಳಿಗೆ ವರ್ಷದ ಉರಿ ಸಿಕ್ಕಿತು. ಯಾರೂ ಕಾಗದದ ಮೇಲೆ ಬರೆಯದ ಕರಾರು ಇದು. ಬರೆಯದ್ದರಿಂದಲೇ ಅದು ಮುರಿದಾಗ ಯಾರಿಗೂ ಕೇಳಿಸಲಿಲ್ಲ.

ಸರಕಾರದ ಕಣ್ಣಿಗೆ ಒಲೆ ಬಿದ್ದದ್ದು ತಡವಾಗಿ. 1878ರ ಅರಣ್ಯ ಕಾಯಿದೆಯಿಂದ ಕಾಡಿನ ದೊಡ್ಡ ದೊಡ್ಡ ಭಾಗಗಳು ಮೀಸಲಾಗಿ, ಜನ ಮೊದಲಿನಂತೆ ಒಳಗೆ ಹೋಗಿ ಕಟ್ಟಿಗೆ ತರುವುದು ಕಷ್ಟವಾಯಿತು. ಅದರ ಬೆನ್ನಿಗೆ, 1889ರಲ್ಲಿ, ಹಿಂದೂಸ್ತಾನದ ಬೇಸಾಯವನ್ನು ನೋಡಿ ವರದಿ ಮಾಡಲು ವೋಲ್ಕರ್ ಎಂಬ ಕೃಷಿ ರಸಾಯನಶಾಸ್ತ್ರಜ್ಞ ಇಂಗ್ಲೆಂಡಿನಿಂದ ಬಂದ. 1893ರಲ್ಲಿ ಅವನ ವರದಿ ಅಚ್ಚಾಯಿತು. ಹೊಲಕ್ಕೆ ಗೊಬ್ಬರವಾಗಬೇಕಾದ ಸಗಣಿ ಒಲೆಗೆ ಹೋಗುತ್ತಿದೆ ಎಂಬುದು ಅವನ ಮುಖ್ಯ ಚಿಂತೆಗಳಲ್ಲಿ ಒಂದು. ಆದರೆ ಈ ಸಾಹೇಬನ ಬಗ್ಗೆ ನನಗೆ ಗೌರವ ಇದೆ. ಜನ ಅಜ್ಞಾನದಿಂದ ಸಗಣಿ ಸುಡುತ್ತಾರೆ ಎಂದು ಅವನು ಷರಾ ಬರೆದು ಕೈತೊಳೆದುಕೊಳ್ಳಲಿಲ್ಲ. ಕಟ್ಟಿಗೆ ಸಿಗುವ ಕಡೆ ಒಕ್ಕಲಿಗ ಸಗಣಿ ಸುಡುವುದಿಲ್ಲ, ಸಿಗದ ಕಡೆ ಸುಡುತ್ತಾನೆ ಎಂಬುದನ್ನು ಗುರುತಿಸಿದ. ಊರೂರಿಗೆ ಉರುವಲು, ಮೇವಿಗಾಗಿ ಮೀಸಲು ತೋಪುಗಳನ್ನು ಬೆಳೆಸಿರಿ ಎಂದು ಸಲಹೆ ಕೊಟ್ಟ. ಬಯಲುಸೀಮೆಗೆ ಅದು ಸಾಕಾಗುವಷ್ಟು ಬರಲೇ ಇಲ್ಲ. ಹತ್ತಿಕಟ್ಟಿಗೆಯೇ ನಮ್ಮ ತೋಪಾಗಿ ಉಳಿಯಿತು.

ಆ ಕಟ್ಟಿಗೆಯ ಮೇಲೂ ಕಣ್ಣು ಬಿತ್ತು. ಕಾರಣ ಒಂದು ಹುಳ. ಹತ್ತಿಯ ಕಾಯೊಳಗೆ ಸೇರಿ ಬೀಜ ತಿನ್ನುವ ಗುಲಾಬಿ ಬಣ್ಣದ ಕಾಯಿಕೊರಕ. ಗುಜರಾತಿನ ಭರೂಚದ ಹತ್ತಿಯಲ್ಲಿ ಸಿಕ್ಕ ಈ ಹುಳವನ್ನು ಸಾಂಡರ್ಸ್ ಎಂಬ ವಿಜ್ಞಾನಿ 1843ರಲ್ಲಿಯೇ ವರ್ಣಿಸಿದ್ದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಈಜಿಪ್ತಿಗೂ ಹೋಗಿ ಅಲ್ಲಿನ ಹತ್ತಿಯನ್ನು ಹಾಳುಮಾಡಿತು. ಬೆಳೆ ಮುಗಿದ ಮೇಲೆ ಹುಳ ಎಲ್ಲಿ ಅಡಗುತ್ತದೆ ಎಂದು ಹುಡುಕಿದರೆ, ಗಿಡದಲ್ಲಿ ಉಳಿದ ಒಣ ಕಾಯಿಗಳಲ್ಲಿ! ಈಜಿಪ್ತಿನ ಹಳ್ಳಿಯ ಹೆಂಗಸರೂ ನಮ್ಮಂತೆಯೇ ಹತ್ತಿಕಟ್ಟಿಗೆಯನ್ನು ಮನೆಯ ಮಾಳಿಗೆಯ ಮೇಲೆ ಒಟ್ಟಿಕೊಂಡು ವರ್ಷವಿಡೀ ಉರಿಸುವವರು. ಅಲ್ಲಿನ ಸರಕಾರ ಆ ಒಟ್ಟಿಲಿನಿಂದ ಕಾಯಿ ಬಿಡಿಸಿ ಸುಡಬೇಕೆಂದು ಕಟ್ಟಪ್ಪಣೆ ಮಾಡಿತು. ನಮ್ಮಲ್ಲಿ ಮದರಾಸು ಸರಕಾರ 1919ರಲ್ಲಿ ಬೆಳೆಯ ಕೀಟ, ರೋಗಗಳ ಕಾಯಿದೆ ತಂದಿತು. ಕೊಯಮತ್ತೂರು ಕಡೆಯ ಕಾಂಬೋಡಿಯಾ ಹತ್ತಿಯ ಗಿಡಗಳನ್ನು ಗೊತ್ತುಮಾಡಿದ ತಾರೀಖಿನೊಳಗೆ ಕಿತ್ತುಹಾಕಬೇಕೆಂದು ಅದರಡಿ ಹುಕುಂ ಹೊರಟಿತು. ನಮ್ಮ ಬಳ್ಳಾರಿಯೂ ಆಗ ಮದರಾಸು ಪ್ರಾಂತದಲ್ಲಿಯೇ ಇತ್ತು.

ಹುಳದ ವಿಚಾರದಲ್ಲಿ ಅಧಿಕಾರಿಗಳು ಹೇಳಿದ್ದು ಸರಿಯೇ. ಇಂದಿಗೂ ಕೃಷಿ ವಿಜ್ಞಾನಿಗಳು ಅದನ್ನೇ ಹೇಳುತ್ತಾರೆ. 2002ರಲ್ಲಿ ಬಿಟಿ ಹತ್ತಿ ಬಂದಾಗ ಈ ಹುಳದ ಕಾಟ ಮುಗಿಯಿತೆಂದು ಎಲ್ಲರೂ ಅಂದುಕೊಂಡಿದ್ದರು. ಕೆಲವೇ ವರ್ಷಗಳಲ್ಲಿ ಹುಳ ಅದನ್ನೂ ಜೀರ್ಣಿಸಿಕೊಂಡಿತು. ‘ಹತ್ತಿಕಟ್ಟಿಗೆ ಒಟ್ಟಬೇಡಿ’ ಎಂಬ ಮಾತು ಮತ್ತೆ ಕೇಳಿಬಂತು. ನನ್ನ ಪ್ರಶ್ನೆ ಬೇರೆ. ಒಟ್ಟಬಾರದು ಸರಿ, ಅಡಿಗೆಯನ್ನು ಯಾವುದರಿಂದ ಮಾಡಬೇಕು? ಒಕ್ಕಲಿಗನಿಗೆ ಒಂದು ಸೂಚನೆ ಕೊಟ್ಟಾಗ ಅದು ಅಡಿಗೆಮನೆಗೂ ತಟ್ಟುತ್ತದೆ ಎಂಬುದು ಆ ಹುಕುಮಿನಲ್ಲಿ ಇರಲಿಲ್ಲ.

ಕಾಯಿದೆಗಿಂತ ಹೆಚ್ಚಾಗಿ ಒಲೆಯನ್ನು ಬದಲಿಸಿದ್ದು ಬೀಜ. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಮೊದಲ ಹೈಬ್ರಿಡ್ ಜೋಳ ಬಂತು. ಗಿಡ ಗಿಡ್ಡ, ತೆನೆ ದೊಡ್ಡದು. ಚೀಲ ತುಂಬುವವರಿಗೆ ಸಂತೋಷ. ಮೇವಿಗಾಗಿ, ಉರುವಲಿಗಾಗಿ ದಂಟು ನೋಡುವವರಿಗೆ ಅಷ್ಟಕ್ಕಷ್ಟೆ. ಹಿಂಗಾರಿಯಲ್ಲಿ ಮಾತ್ರ ನಮ್ಮವರು ಎತ್ತರದ ಮಾಲದಂಡಿ ಜೋಳವನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಅದರ ರೊಟ್ಟಿ ಮೆತ್ತಗೆ, ಕಣಿಕೆ ಎತ್ತುಗಳಿಗೆ ಪ್ರೀತಿ. ಹತ್ತಿಯಲ್ಲಿ ಆದದ್ದು ಇದಕ್ಕೆ ತಿರುವುಮುರುವು. 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ತೆಗೆದು ರೈತರ ಹೊಲಕ್ಕೆ ಬಂದ ಹೈಬ್ರಿಡ್ಡುಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. 1981ರಲ್ಲಿ ‘ಜಯಲಕ್ಷ್ಮಿ’ ಬಂದಳು. ಈ ಲಕ್ಷ್ಮಿಯರ ಗಿಡಗಳು ಹಳೆಯ ಜವಾರಿ ಹತ್ತಿಗಿಂತ ಎತ್ತರ, ಕವಲು ಹೆಚ್ಚು. ಹತ್ತಿಯ ದುಡ್ಡು ಗಂಡಸರ ಕೈಗೆ ಹೋಗಿರಬಹುದು. ಒಂದು ಹೊರೆಯಾಗುವಲ್ಲಿ ಎರಡು ಹೊರೆ ಕಟ್ಟಿಗೆಯಾದದ್ದು ಹೆಂಗಸರ ಲಾಭ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಹಿತ್ತಲುಗಳಲ್ಲಿ ಒಟ್ಟಿಲುಗಳು ಗೋಡೆಗಿಂತ ಎತ್ತರ ಏರಿದ್ದು ನೆನಪಿದೆ. ನಾವು ಹುಡುಗಿಯರು ಅದರ ಮರೆಯಲ್ಲಿ ಕಣ್ಣುಮುಚ್ಚಾಲೆ ಆಡುತ್ತಿದ್ದೆವು. ಚೇಳು ಇರುತ್ತವೆಂದು ಅವ್ವ ಬೈಯುತ್ತಿದ್ದಳು.

ಇಷ್ಟು ಓದಿ, ಪಟ್ಟಣದ ಓದುಗ ಸೋದರಿಯರೇ, ‘ಆಹಾ, ಆ ಕಾಲ ಎಷ್ಟು ಚೆಂದ’ ಎಂದುಕೊಳ್ಳಬೇಡಿ. ಕಟ್ಟಿಗೆಯ ಉರಿಯಲ್ಲಿ ಸುಟ್ಟ ರೊಟ್ಟಿಯ ರುಚಿಯನ್ನು ಹೊಗಳುವವರಲ್ಲಿ ಹೆಚ್ಚಿನವರು ಆ ಒಲೆಯ ಮುಂದೆ ಕೂತವರಲ್ಲ. ಬೆಳೆಯ ಕಟ್ಟಿಗೆ ತೆಳ್ಳಗೆ, ಹಗುರ. ಮರದ ತುಂಡನ್ನು ಒಲೆಗೆ ಹಿಡಿದು ಬೇರೆ ಕೆಲಸ ನೋಡಬಹುದು. ಹತ್ತಿಕಟ್ಟಿಗೆಗೆ ಅದು ಆಗದು. ಮುರಿಮುರಿದು ಹಾಕುತ್ತಲೇ ಇರಬೇಕು, ಊದುಗೊಳವೆ ಕೈಯಲ್ಲಿಯೇ ಇರಬೇಕು. ಎದ್ದು ಹೋದರೆ ಉರಿ ಆರಿತು, ಹೊಗೆ ಎದ್ದಿತು. ಮಣ್ಣಿನ ಮಾಳಿಗೆಯ ಮನೆಗೆ ಒಂದೇ ಒಂದು ಬೆಳಕಿಂಡಿ. ಹೊಗೆಗೂ ಅದೇ ದಾರಿ, ಬೆಳಕಿಗೂ ಅದೇ ದಾರಿ. ಕೂಸು ತೊಡೆಯ ಮೇಲೆ. ನಮ್ಮ ಅಜ್ಜಿಯ ಕೆಮ್ಮು ಚಳಿಗಾಲಕ್ಕೆ ಶುರುವಾದರೆ ಬೇಸಿಗೆಯವರೆಗೂ ಬಿಡುತ್ತಿರಲಿಲ್ಲ. ಅದಕ್ಕೆ ನಾವು ವಯಸ್ಸು ಎಂದೆವು. ಹೊಗೆ ಎನ್ನಲು ಗೊತ್ತಿರಲಿಲ್ಲ.

ಗೊತ್ತಿದ್ದವರು ಕೆಲವರಿದ್ದರು. ರಾಯಚೂರು, ಕಲಬುರ್ಗಿ ಜಿಲ್ಲೆಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಅಲ್ಲಿಯ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಹೊಗೆ ಕೊಳವೆಯುಳ್ಳ ಮಣ್ಣಿನ ಒಲೆಯೊಂದನ್ನು ರೂಪಿಸಿ, 1953ರಲ್ಲಿ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ಆಮೇಲೆ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಪುಸ್ತಕ ಬರೆದವರಲ್ಲಿ ಒಬ್ಬರಾದ ಅವರು ಹಳ್ಳಿಯ ಒಲೆಯನ್ನು ಅಧ್ಯಯನಕ್ಕೆ ಎತ್ತಿಕೊಂಡದ್ದು ಸಣ್ಣ ಮಾತಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ, ಅದರ ಪಕ್ಕದ ಪುರ ಮತ್ತು ಸುತ್ತಲ ಹಳ್ಳಿಗಳಲ್ಲಿ ಅವರು, ಅವರ ಸಂಗಡಿಗರು ಮನೆಮನೆಗೆ ಹೋಗಿ ಲೆಕ್ಕ ತೆಗೆದರು. ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಉರುವಲು ಎಲ್ಲಿಂದ ಬರುತ್ತದೆ ಎಂದು. ಎರಡು ಸಂಗತಿ ತಿಳಿದವು. ಪುರದಲ್ಲಿ ಮನುಷ್ಯರು ಮಾಡುವ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು. ಉರುವಲಿನ ಬಹುಪಾಲು ದುಡ್ಡು ಕೊಟ್ಟು ಕೊಂಡದ್ದಲ್ಲ, ಆಯ್ದು ತಂದದ್ದು. ಬೆಲೆಯಿಲ್ಲದ ವಸ್ತು, ಕೂಲಿಯಿಲ್ಲದ ಕೆಲಸ. ಹಾಗಾದ ಮೇಲೆ ದೇಶದ ಲೆಕ್ಕಪುಸ್ತಕದಲ್ಲಿ ಅದು ಎಲ್ಲಿಂದ ಕಾಣಬೇಕು?

ಹೊಗೆಯ ಲೆಕ್ಕವೂ ಆ ಹೊತ್ತಿಗೇ ಆಯಿತು. ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಗೇ ಸಣ್ಣ ಉಪಕರಣ ಕಟ್ಟಿ, ಅವರು ಉಸಿರಾಡುವ ಗಾಳಿಯನ್ನು ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಅಳೆದರು. 1983ರಲ್ಲಿ ಅದು ಪ್ರಕಟವಾಯಿತು. ದೊಡ್ಡ ಶಹರಗಳ ಬೀದಿಯ ಗಾಳಿಗಿಂತ ನಮ್ಮ ಒಲೆಯ ಮುಂದಿನ ಗಾಳಿ ಎಷ್ಟೋ ಪಟ್ಟು ಕೆಟ್ಟದ್ದು ಎಂದು ಅಂಕಿಗಳು ಹೇಳಿದವು. ಅಜ್ಜಿಯ ಕೆಮ್ಮಿಗೂ ಎಳೆಗೂಸಿನ ಎದೆಗೂಡಿನ ಬೇನೆಗೂ ಹೊಗೆ ಕಾರಣವಾಗುತ್ತದೆ ಎಂಬುದು ಮುಂದಿನ ವರ್ಷಗಳಲ್ಲಿ ಗಟ್ಟಿಯಾಯಿತು. ಕಟ್ಟಿಗೆಗಳಲ್ಲಿಯೂ ಮರಕ್ಕಿಂತ ಬೆಳೆಯ ಕಟ್ಟಿಗೆ, ಕುಳ್ಳು ಹೆಚ್ಚು ಹೊಗೆಯುಗುಳುವಂಥವು.

ಅದೇ 1983ರಲ್ಲಿ ಕೇಂದ್ರ ಸರಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತೊಡಗಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಿದ ಲೆಕ್ಕ ಇತ್ತು. ನಮ್ಮ ನಾಡಿನಲ್ಲಿ ಮೂರು ಪಾತ್ರೆಯ ‘ಅಸ್ತ್ರ ಒಲೆ’ ಹೆಸರಾಯಿತು. ಕಡಿಮೆ ಉರುವಲು, ಹೊಗೆ ಕೊಳವೆಯ ಮೂಲಕ ಹೊರಗೆ. ಮುದ್ದೆ, ಅನ್ನ, ಸಾರು ಮಾಡುವ ಕಡೆ ಅನುಕೂಲ. ನಮ್ಮ ರೊಟ್ಟಿಯ ಸೀಮೆಯ ಹೆಂಗಸರು ಕೇಳಿದ್ದು ಬೇರೆ: ಹಂಚಿನ ಮೇಲಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಗೆ, ಕೆಂಡದ ಎದುರಿಗೆ ನಿಲ್ಲಿಸಿ ಉಬ್ಬಿಸುವುದು ಎಲ್ಲಿ? ಉದ್ದ ಹತ್ತಿಕಟ್ಟಿಗೆಯನ್ನು ಸಣ್ಣ ಬಾಯಿಗೆ ತಕ್ಕಂತೆ ಮುರಿಯುವವರು ಯಾರು? ಒಲೆಗೆ ತಕ್ಕ ಅಡಿಗೆಯೋ, ಅಡಿಗೆಗೆ ತಕ್ಕ ಒಲೆಯೋ ಎಂಬ ಈ ಪ್ರಶ್ನೆಯನ್ನು ಮೊದಲೇ ಒಲೆಯ ಮುಂದೆ ಕೂತು ಕೇಳಿದ್ದರೆ ಎಷ್ಟೋ ಒಲೆಗಳು ಉಳಿಯುತ್ತಿದ್ದವು.

ಗ್ಯಾಸು ಈ ಜಗಳವನ್ನೆಲ್ಲ ಮುಗಿಸುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಮುಗಿಸಿದ್ದು ಅರ್ಧ. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 9 ಮನೆಗಳ ಮುಖ್ಯ ಉರುವಲು ಬೆಳೆಯ ಕಟ್ಟಿಗೆ, ಕೂಳೆ, ಹೊಟ್ಟು. ಎರಡು ಕೋಟಿಗೂ ಹೆಚ್ಚು ಮನೆಗಳು. 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾಗಿ ಹೆಂಗಸರ ಹೆಸರಿನಲ್ಲಿಯೇ ಗ್ಯಾಸಿನ ಕನೆಕ್ಷನ್ ಬಂತು. ಇದು ದೊಡ್ಡ ಸಂಗತಿ. ಇದನ್ನು ಅಲ್ಲಗಳೆದರೆ ನನ್ನ ಅಜ್ಜಿಯ ಕೆಮ್ಮು ನನ್ನನ್ನು ಕ್ಷಮಿಸುವುದಿಲ್ಲ. ಆದರೆ ಸಿಲಿಂಡರ್ ಬಂದದ್ದು ಬೇರೆ, ಅದು ಮತ್ತೆ ಮತ್ತೆ ತುಂಬುವುದು ಬೇರೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ, ಕೂಲಿಗೆ ಹೋಗುವಾಕೆ, ಶಾಲೆಗೆ ಬಂದಾಗ ಒಮ್ಮೆ ಮಾತಿಗೆ ಕೇಳಿದೆ. “ಗ್ಯಾಸ್ ಐತ್ರೀ ಅಕ್ಕೋರ. ಚಾಕ್ಕ ಹಚ್ಚತೀವಿ, ಯಾರರೆ ಬಂದ್ರ ಹಚ್ಚತೀವಿ. ದಿನಾ ರೊಟ್ಟಿಗೆ ಹಚ್ಚಿದ್ರ ತುಂಬಸೂದು ಹ್ಯಾಂಗ್ರಿ?” ಎಂದಳು. ಆಮೇಲೆ ಅಂದದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ: “ಈಗ ಕಟ್ಟಿಗಿನೂ ಸಿಗವಲ್ದ್ರಿ. ಟ್ರ್ಯಾಕ್ಟರ್ ಹೊಡದು ಹೊಲದಾಗ ಪುಡಿ ಮಾಡತಾರ.”

ಟ್ರ್ಯಾಕ್ಟರಿನ ಹಿಂದಿನ ಯಂತ್ರ ಹತ್ತಿ ಗಿಡವನ್ನು ನಿಂತಲ್ಲಿಯೇ ಕತ್ತರಿಸಿ ಮಣ್ಣಿಗೆ ಸೇರಿಸುತ್ತದೆ. ಮಣ್ಣಿಗೆ ಒಳ್ಳೆಯದು, ಹುಳದ ಕಾಟಕ್ಕೂ ಒಳ್ಳೆಯದು. ಇನ್ನೊಂದು ಕಡೆ, ಅದೇ ಕಟ್ಟಿಗೆಗೆ ಈಗ ಗಿರಾಕಿಗಳು ಹುಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ಕಬ್ಬಿನ ತರಗು, ತೆಂಗಿನ ಗರಿ ಸುಟ್ಟು ವಿದ್ಯುತ್ ಮಾಡುವ ಘಟಕ ಈ ಶತಮಾನದ ಆರಂಭದಲ್ಲಿಯೇ ಬಂತು. 2021ರಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯ, ಕಲ್ಲಿದ್ದಲು ಸ್ಥಾವರಗಳು ಬೆಳೆಯ ತ್ಯಾಜ್ಯದ ಉಂಡೆಗಳನ್ನೂ ಶೇಕಡಾ 5ರಷ್ಟು ಬೆರೆಸಿ ಉರಿಸಬೇಕೆಂದು ಹೇಳಿತು. ಯಾರೂ ಕೇಳದಿದ್ದಾಗ ಅದು ಕಸ, ಹೆಂಗಸಿನ ಪಾಲು. ಬೆಲೆ ಬಂದಾಗ ಅದು ಸರಕು, ಹೊಲದವನ ಪಾಲು, ಗುತ್ತಿಗೆದಾರನ ಪಾಲು. ಕಿತ್ತವರಿಗೇ ಕಟ್ಟಿಗೆ ಎಂಬ ಕರಾರು ಎಲ್ಲಿ ಮುರಿಯಿತು ಎಂದು ಕೇಳಿದರೆ, ಇಲ್ಲಿ ಎನ್ನಬೇಕು.

ಕಟ್ಟಿಗೆಯ ಒಲೆ ಹೋಗಲಿ. ಅದು ಹೋಗಬೇಕಾದದ್ದೇ. ಆದರೆ ಹೋಗುವಾಗ ಆ ಹೆಂಗಸಿನ ಕೈಗೆ ಬದಲಿಗೆ ಏನು ಬಂತು ಎಂದು ಲೆಕ್ಕ ಕೇಳುವ ಹಕ್ಕು ನಮಗಿದೆ. ಬೆಳೆಯ ಕಟ್ಟಿಗೆಯನ್ನು ಕಾರ್ಖಾನೆ ಕೊಳ್ಳುವುದಾದರೆ ಅದನ್ನು ಕಿತ್ತು ಹೊರೆ ಕಟ್ಟುವವಳಿಗೆ ದುಡ್ಡಿನ ಕೂಲಿ ಸಿಗಲಿ, ಆ ಕೂಲಿಯಲ್ಲಿ ಸಿಲಿಂಡರ್ ತುಂಬಲಿ. ಮಣ್ಣಿಗೆ ಸೇರಿಸುವುದಾದರೆ ಅವಳ ರೊಟ್ಟಿಗೆ ಉರಿ ಎಲ್ಲಿಂದ ಎಂಬ ಮಾತೂ ಅದೇ ಸಭೆಯಲ್ಲಿ ಬರಲಿ.

ಹೋದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯ ಹಿರಿಯ ಹೆಂಗಸನ್ನು ಕೇಳಿ, ಅವರು ಉರಿಸಿದ್ದೆಲ್ಲವನ್ನೂ ಬರೆದು ತನ್ನಿ ಎಂದು. ಇಪ್ಪತ್ತಮೂರು ಹೆಸರುಗಳು ಬಂದವು. ಮೆಣಸಿನ ಗಿಡ, ಎಳ್ಳಿನ ಕಡ್ಡಿ, ಶೇಂಗಾ ಸಿಪ್ಪೆ, ಸೂರ್ಯಕಾಂತಿ ದಂಟು, ಅಗಸಿ ಗಿಡ, ಔಡಲದ ಗಿಡ. ಮೆಣಸಿನ ಗಿಡದ ಮುಂದೆ ಒಬ್ಬ ಹುಡುಗ, ಅಜ್ಜಿ ಹೇಳಿದಂತೆ, ಕಂಸದಲ್ಲಿ ಬರೆದಿದ್ದ: ‘ಕಾಯಿ ಉಳಿದಿದ್ದರೆ ಊರೇ ಕೆಮ್ಮುತ್ತದೆ’. ಆ ಪಟ್ಟಿಯನ್ನು ನಾನು ದಪ್ಪ ಹಾಳೆಯ ಮೇಲೆ ಬರೆಸಿ, ಅಂತರ್ಯುದ್ಧದ ಕಾಲದ ಹತ್ತಿ ವ್ಯಾಪಾರದ ನಕಾಶೆಯ ಪಕ್ಕದಲ್ಲಿ ತೂಗುಹಾಕಿಸಿದ್ದೇನೆ.